ಶಾಂಪೂ ಬಿಟ್ಟು ಕ್ಲೆನ್ಸಿಂಗ್ ಕಂಡೀಷನರ್ ಹಿಡಿದಾಗ: ಎಲ್ಲಿ ಕೆಟ್ಟಿದೆ ಅಂತ ಹುಡುಕುವ ಬಗೆ

ಕ್ಲೆನ್ಸಿಂಗ್ ಕಂಡೀಷನರ್ ಅಂದರೆ ಶಾಂಪೂ ಬದಲು ತಲೆ ತೊಳೆಯಲು ಬಳಸುವ ಕಂಡೀಷನರ್. ಅದನ್ನು ಶುರು ಮಾಡಿದವರು ಎರಡನೇ ವಾರಕ್ಕೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಕೂದಲು ಇನ್ನೂ ಒಗ್ಗಿಕೊಳ್ತಾ ಇದೆಯಾ, ಇಲ್ಲಾ ಏನೋ ಕೆಟ್ಟಿದೆಯಾ?"

ಕೆಟ್ಟಿದೆ ಅಂತಲೇ ಇಟ್ಟುಕೊಂಡು ಹುಡುಕಿ. ಹೊರಗೆ ಕಾಣುವ ಕೂದಲು ಜೀವ ಇಲ್ಲದ ಎಳೆ. ಅದು ಯಾವುದಕ್ಕೂ ಒಗ್ಗಿಕೊಳ್ಳುವುದಿಲ್ಲ. ತಲೆಚರ್ಮದಲ್ಲಿ ಎಣ್ಣೆ ಎಷ್ಟು ಬರಬೇಕು ಅನ್ನುವುದನ್ನು ಮುಖ್ಯವಾಗಿ ಹಾರ್ಮೋನುಗಳು ನಿರ್ಧರಿಸುತ್ತವೆ. ಶಾಂಪೂ ನಿಲ್ಲಿಸಿದ ಮಾತ್ರಕ್ಕೆ ಗ್ರಂಥಿಗಳು ಎಣ್ಣೆ ಕಡಿಮೆ ಮಾಡುವುದಿಲ್ಲ. "ಆರು ವಾರ ತಡ್ಕೊಳ್ಳಿ, ಆಮೇಲೆ ಸರಿಹೋಗುತ್ತೆ" ಅನ್ನುವ ಸಲಹೆ ಎಲ್ಲೆಲ್ಲೂ ಓಡಾಡುತ್ತಿದೆ. ಆ ಆರು ವಾರದಲ್ಲಿ ಹೊಟ್ಟು ಹೆಚ್ಚಿಸಿಕೊಂಡು, ನವೆ ಹತ್ತಿಸಿಕೊಂಡು ಒದ್ದಾಡುವವರನ್ನು ನೋಡಿದರೆ ಸಂಕಟ ಆಗುತ್ತದೆ. ಸುಮ್ನೆ ತಡೆದುಕೊಳ್ಳಬೇಕಾದ ಯಾವ ಕಾರಣವೂ ಇಲ್ಲ. ಜಿಡ್ಡು, ಒರಟು, ಹೊಟ್ಟು, ನವೆ, ಪ್ರತಿಯೊಂದಕ್ಕೂ ಒಂದು ಮೂಲ ಇರುತ್ತದೆ. ಬಹುತೇಕ ಅದು ಸ್ನಾನದ ಮನೆಯಲ್ಲೇ ಸಿಗುತ್ತದೆ.

ಒಂದು ನಿಯಮ ಮಾತ್ರ ಪಾಲಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬಾಟಲಿ, ನೀರು, ಎಣ್ಣೆ, ತೊಳೆಯುವ ದಿನ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ.

ಮೊದಲು ಇದರ ಕೆಲಸ ಏನು ಅಂತ ತಿಳಿದಿರಲಿ

ಶಾಂಪೂವಿನಲ್ಲಿ ಕೊಳೆ ಎಬ್ಬಿಸುವ ಕೆಲಸ ಬಹುಪಾಲು ಸೋಡಿಯಂ ಲಾರೆತ್ ಸಲ್ಫೇಟ್‌ನಂಥ ವಸ್ತುವಿನದು. ಭರ್ತಿ ನೊರೆ ಬರುವುದೂ ಅದರಿಂದಲೇ. ಕ್ಲೆನ್ಸಿಂಗ್ ಕಂಡೀಷನರ್‌ನಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಸೀಟೈಲ್ ಆಲ್ಕೋಹಾಲ್, ಸೀಟೀರೈಲ್ ಆಲ್ಕೋಹಾಲ್ ಎಂಬ ಮೇಣದಂಥ ಪದಾರ್ಥ ಇರುತ್ತದೆ. ಹೆಸರು ನೋಡಿ ಹೆದರಬೇಡಿ, ಇವು ಕೂದಲನ್ನು ಒಣಗಿಸುವುದಿಲ್ಲ. ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್‌ನಂಥ ಧನ ವಿದ್ಯುದಂಶದ ವಸ್ತು ಇರುತ್ತದೆ. ಕೆಲವದರಲ್ಲಿ ಕೊಕಾಮಿಡೋಪ್ರೊಪೈಲ್ ಬೀಟೇನ್ ಎಂಬ ಮೃದುವಾಗಿ ತೊಳೆಯುವ ವಸ್ತುವೂ ಸೇರಿರುತ್ತದೆ. ಒದ್ದೆ ಕೂದಲಿನ ಮೇಲೆ ಋಣ ವಿದ್ಯುದಂಶ ಜಾಸ್ತಿ. ಅದರಲ್ಲೂ ಬಣ್ಣ ಹಾಕಿದ, ಸವೆದ ಕೂದಲಿನಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಧನ ವಿದ್ಯುದಂಶದ ಈ ಪದಾರ್ಥ ಅಲ್ಲಿಗೇ ಹೋಗಿ ಹಿಡಿದುಕೊಳ್ಳುತ್ತದೆ. ಕೂದಲು ನುಣುಪಾಗುವುದು ಇದರಿಂದ. ಕಾಟ ಶುರುವಾಗುವುದೂ ಇದರಿಂದಲೇ.

ಒಟ್ಟಿನಲ್ಲಿ ತೊಳೆಯುವ ಶಕ್ತಿ ಕಮ್ಮಿ, ಸವರುವ ಶಕ್ತಿ ಜಾಸ್ತಿ. ಉಳಿದ ಕೆಲಸವನ್ನು ಬೆರಳೂ ನೀರೂ ಮಾಡಬೇಕು. ಮಲೆನಾಡಿನ ಕಡೆ ದಾಸವಾಳದ ಎಲೆ, ಮತ್ತಿ ಸೊಪ್ಪು ಕಿವುಚಿ ಗೊಂಪು ಮಾಡಿ ತಲೆ ಮಿಂದವರಿಗೆ ಇದರ ಹದ ಬೇಗ ಕೈಗೆ ಹತ್ತುತ್ತದೆ. ಅಲ್ಲೂ ನೊರೆ ಕಡಿಮೆ, ಲೋಳೆ ಜಾಸ್ತಿ, ಬುಡ ತಿಕ್ಕದಿದ್ದರೆ ಏನೂ ಹೋಗುವುದಿಲ್ಲ.

ಇನ್ನೊಂದು ಮಾತು. ಮಾಮೂಲಿ ಕಂಡೀಷನರ್ ಅನ್ನೇ ಶಾಂಪೂ ಬದಲು ಬಳಸುವವರು ತುಂಬ ಜನ ಇದ್ದಾರೆ. ಅದರ ಬೆನ್ನಿನ ಪಟ್ಟಿಯಲ್ಲಿ ಡೈಮೆಥಿಕೋನ್ ಅಥವಾ ಅಮೋಡೈಮೆಥಿಕೋನ್ ಅಂತ ಇದ್ದರೆ ಈ ಕೆಲಸಕ್ಕೆ ಬೇಡ. ಅವು ನೀರಿನಲ್ಲಿ ಕರಗದ ಸಿಲಿಕೋನುಗಳು. ಶಾಂಪೂ ಇಲ್ಲದೆ ಬಳಸುತ್ತಾ ಹೋದರೆ ಪದರದ ಮೇಲೆ ಪದರ ಕೂರುತ್ತದೆ.

ದೋಷ: ಒಣಗಿದ ಮೇಲೂ ಜಿಡ್ಡು ಜಿಡ್ಡು

ಅತಿ ಹೆಚ್ಚು ಬರುವ ದೂರು ಇದೇ. ಮೊದಲು ಜಿಡ್ಡು ಎಲ್ಲಿದೆ ನೋಡಿ. ತಲೆ ಪೂರ್ತಿ ಒಣಗಿದ ಮೇಲೆ ಒಂದು ಟಿಶ್ಯೂ ಕಾಗದವನ್ನು ಬೈತಲೆಯ ಮೇಲೆ ಒತ್ತಿ ಹಿಡಿಯಿರಿ. ಇನ್ನೊಂದನ್ನು ಕಿವಿಯ ಹಿಂದೆ, ಮತ್ತೊಂದನ್ನು ಕತ್ತಿನ ಮೇಲ್ಭಾಗದ ಬುಡಕ್ಕೆ ಒತ್ತಿ. ಬೆಳಕಿಗೆ ಹಿಡಿದು ನೋಡಿ.

ಮೂರರಲ್ಲೂ ಎಣ್ಣೆಯ ಕಲೆ ಕಂಡರೆ, ತಲೆಗೆ ಹಚ್ಚಿದ ಎಣ್ಣೆಯೇ ಹೋಗಿಲ್ಲ. ನಮ್ಮ ಮನೆಗಳಲ್ಲಿ ಇದು ಸಹಜ. ಶನಿವಾರ ರಾತ್ರಿ ಕೊಬ್ಬರಿ ಎಣ್ಣೆ ತಟ್ಟಿಕೊಂಡು ಭಾನುವಾರ ತಲೆಸ್ನಾನ ಮಾಡುವ ರೂಢಿ ಸೀಗೆಪುಡಿಗೂ ಶಾಂಪೂಗೂ ಹೊಂದುತ್ತದೆ, ಕ್ಲೆನ್ಸಿಂಗ್ ಕಂಡೀಷನರ್‌ಗೆ ಹೊಂದುವುದಿಲ್ಲ. ಅದಕ್ಕೆ ಅಷ್ಟೆಲ್ಲ ಎಣ್ಣೆ ಎಬ್ಬಿಸುವ ತಾಕತ್ತಿಲ್ಲ. ಎಣ್ಣೆ ಹಚ್ಚುವುದನ್ನು ಬಿಡಬೇಕಾಗಿಲ್ಲ. ಕೊಬ್ಬರಿ ಎಣ್ಣೆ ಕೂದಲಿನ ಒಳಗೆ ಇಳಿದು ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆ, ಅದೊಂದು ಒಳ್ಳೆಯ ಅಭ್ಯಾಸ. ಎಣ್ಣೆ ಹಚ್ಚಿದ ವಾರ ಶಾಂಪೂ ಅಥವಾ ಸೀಗೆ ಹಾಕಿ, ಹಚ್ಚದ ದಿನಗಳಿಗೆ ಇದನ್ನು ಇಟ್ಟುಕೊಳ್ಳಿ. ಇಲ್ಲವೇ ಎಣ್ಣೆಯನ್ನು ಬುಡಕ್ಕೆ ಬಿಟ್ಟು, ಕೂದಲಿನ ಉದ್ದಕ್ಕೆ ನಾಲ್ಕೈದು ಹನಿ ಮಾತ್ರ ಸವರಿ.

ಕತ್ತಿನ ಹತ್ತಿರ ಮತ್ತು ಕಿವಿಯ ಹಿಂದೆ ಮಾತ್ರ ಕಲೆ ಇದ್ದು ಬೈತಲೆ ಚೆನ್ನಾಗಿದ್ದರೆ, ನೀರು ಸಾಲಲಿಲ್ಲ ಅಂತ ಅರ್ಥ. ಬಕೆಟ್ ಚೆಂಬಿನ ಸ್ನಾನದಲ್ಲಿ ಇದು ಆಗೇ ಆಗುತ್ತದೆ. ಚೆಂಬಿನ ನೀರು ನೆತ್ತಿಗೆ ಬಿದ್ದು ಮುಂದಕ್ಕೆ, ಪಕ್ಕಕ್ಕೆ ಹರಿದುಹೋಗುತ್ತದೆ. ಹಿಂದಿನ ಒಳಪದರಕ್ಕೆ ಇಳಿಯುವುದೇ ಇಲ್ಲ. ತಲೆಯನ್ನು ಮುಂದಕ್ಕೆ ಬಗ್ಗಿಸಿ, ಕೂದಲನ್ನು ಮುಖದ ಮೇಲೆ ಇಳಿಬಿಟ್ಟು, ಕತ್ತಿನ ಕಡೆಯಿಂದ ನೀರು ಹಾಕಿ. ಇನ್ನೊಂದು ಕೈಯ ಬೆರಳು ಬುಡದಲ್ಲಿ ಆಡುತ್ತಿರಲಿ. ಶಾಂಪೂವಿಗೆ ಅರ್ಧ ಬಕೆಟ್ ಸಾಕಾಗುತ್ತಿದ್ದರೆ ಇದಕ್ಕೆ ಪೂರ್ತಿ ಬಕೆಟ್ ಬೇಕು ಅಂತಲೇ ಲೆಕ್ಕ ಹಾಕಿ. ನೀರು ಉಗುರು ಬೆಚ್ಚಗಿರಲಿ. ಮೇಣದಂಥ ಆ ಪದಾರ್ಥ ತಣ್ಣೀರಿನಲ್ಲಿ ಸರಿಯಾಗಿ ಬಿಟ್ಟುಕೊಳ್ಳುವುದಿಲ್ಲ.

ಬೈತಲೆಯಲ್ಲಿ ಮಾತ್ರ ಜಿಡ್ಡು ಇದ್ದರೆ ತಿಕ್ಕಿದ್ದು ಕಡಿಮೆ, ಅಥವಾ ಹಾಕಿದ್ದು ಕಡಿಮೆ. ನಮ್ಮ ಪಕ್ಕದ ಮನೆಯ ಹುಡುಗಿ ಒಮ್ಮೆ ಬಂದು, "ಅಕ್ಕಾ, ಶಾಂಪೂ ಹಾಕೋ ಅಷ್ಟೇ ಹಾಕಿದೆ, ನೊರೆನೇ ಬರ್ಲಿಲ್ಲ, ತೊಳ್ಕೊಂಡುಬಿಟ್ಟೆ" ಅಂದಳು. ನೊರೆ ಬಂದಾಗ ಅದು ತಾನೇ ಹರಡಿಕೊಂಡು ತಲೆಯೆಲ್ಲ ಮುಟ್ಟುತ್ತದೆ. ಇಲ್ಲಿ ಆ ಸೌಲಭ್ಯ ಇಲ್ಲ. ಕೈ ಮುಟ್ಟಿದ ಕಡೆ ಮಾತ್ರ ಶುದ್ಧ. ಕೂದಲನ್ನು ನಾಲ್ಕು ಭಾಗ ಮಾಡಿ, ತಲೆ ಚೆನ್ನಾಗಿ ನೆನೆದ ಮೇಲೆ, ಒಂದೊಂದು ಭಾಗದ ಬುಡಕ್ಕೂ ಬೇರೆ ಬೇರೆಯಾಗಿ ಹಾಕಿ. ಭುಜದವರೆಗಿನ ದಟ್ಟ ಕೂದಲಿಗೆ ನಾಲ್ಕು ಅಂಗೈಯಷ್ಟಾದರೂ ಬೇಕಾಗುತ್ತದೆ. ಉಗುರಲ್ಲಿ ಕೆರೆಯಬೇಡಿ, ಬೆರಳಿನ ತುದಿಯ ಮೆತ್ತನೆ ಭಾಗದಲ್ಲಿ ಚಿಕ್ಕ ಚಿಕ್ಕ ಸುತ್ತು ತಿಕ್ಕಿ. ಮೂರರಿಂದ ಐದು ನಿಮಿಷ ತಿಕ್ಕಬೇಕು. ಕೈ ನೋಯುತ್ತದೆ, ನಿಜ. ಬಾಟಲಿಯೂ ಬೇಗ ಖಾಲಿಯಾಗುತ್ತದೆ. ಖರ್ಚಿನ ಲೆಕ್ಕ ಮೊದಲೇ ಹಾಕಿಕೊಂಡು ಶುರು ಮಾಡುವುದು ಒಳ್ಳೆಯದು.

ಎಲ್ಲ ಸರಿಯಾಗಿ ಮಾಡಿದರೂ ಮರುದಿನ ಸಂಜೆಗೇ ಬುಡ ಚಪ್ಪಟೆಯಾಗಿ ಅಂಟಿಕೊಂಡು, ತುದಿ ಮಾತ್ರ ಚೆನ್ನಾಗಿದ್ದರೆ ದೋಷ ವಿಧಾನದ್ದಲ್ಲ. ತೆಳುವಾದ, ನೇರ ಕೂದಲಿನಲ್ಲಿ ತಲೆಚರ್ಮದ ಎಣ್ಣೆ ಸಲೀಸಾಗಿ ಕೆಳಗೆ ಇಳಿಯುತ್ತದೆ. ಗುಂಗುರು ಕೂದಲಿನಲ್ಲಿ ತಿರುವು ದಾಟಿ ಇಳಿಯುವುದು ಕಷ್ಟ, ಅದಕ್ಕೇ ಅದರ ತುದಿ ಯಾವಾಗಲೂ ಒಣ. ಈ ಪದಾರ್ಥ ಹುಟ್ಟಿಕೊಂಡಿರುವುದೇ ಅಂಥ ಒಣ ಗುಂಗುರು ಕೂದಲಿಗೆ. ತೆಳು ನೇರ ಕೂದಲಿನವರು ಬುಡಕ್ಕೆ ಶಾಂಪೂ, ತುದಿಗೆ ಮಾತ್ರ ಇದು ಅಂತ ಮಾಡಿಕೊಳ್ಳಬಹುದು. ಆದರೆ ಎರಡನ್ನೂ ಒಂದೇ ಅಂಗೈಯಲ್ಲಿ ಕಲಸಬೇಡಿ. ಶಾಂಪೂವಿನದು ಋಣ, ಇದರದು ಧನ. ಎರಡೂ ಒಂದಕ್ಕೊಂದು ಅಂಟಿಕೊಂಡು ತೊಳೆಯುವ ಕೆಲಸವೂ ಆಗದೆ, ನುಣುಪೂ ಬಾರದೆ ತಲೆ ಪಿಚಿಪಿಚಿ ಆಗುತ್ತದೆ. ಮೊದಲು ಶಾಂಪೂ, ಅದನ್ನು ಪೂರ್ತಿ ತೊಳೆದ ಮೇಲೆ ಇದು.

ಇದರ ಮೇಲೆ ಸೀಗೆಪುಡಿ ಹಾಕುವುದೂ ಬೇಡ. ಲೋಳೆಗೆ ಪುಡಿಯ ಕಣ ಮೆತ್ತಿಕೊಂಡು, ಒಣಗಿದ ಮೇಲೆ ಬಾಚಣಿಗೆಯಲ್ಲಿ ಉದುರುತ್ತಿರುತ್ತದೆ.

ದೋಷ: ಕೂದಲು ಒರಟಾಗಿ, ಮೇಣ ಸವರಿದ ಹಾಗಿದೆ

ಜಿಡ್ಡಿಗೂ ಇದಕ್ಕೂ ವ್ಯತ್ಯಾಸ ಇದೆ. ಟಿಶ್ಯೂ ಒತ್ತಿದರೆ ಕಲೆ ಬರುವುದಿಲ್ಲ. ಆದರೆ ಒಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಬೆರಳು ಜಾರದೆ ತಡೆದು ತಡೆದು ಹೋಗುತ್ತದೆ. ಕೂದಲಿಗೆ ಹೊಳಪಿಲ್ಲ, ಸಿಕ್ಕು ಜಾಸ್ತಿ. ಇಲ್ಲಿ ಅನುಮಾನ ಎರಡು: ನೀರು, ಅಥವಾ ಹಳೆಯ ಪದರ.

ನೀರನ್ನು ಪರೀಕ್ಷೆ ಮಾಡುವುದು ಸುಲಭ. ಒಂದು ಪಾರದರ್ಶಕ ಬಾಟಲಿಯಲ್ಲಿ ಅರ್ಧದಷ್ಟು ಸ್ನಾನದ ನೀರು ತೆಗೆದುಕೊಳ್ಳಿ. ಸ್ನಾನದ ಸೋಪನ್ನು ಚಾಕುವಿನಲ್ಲಿ ಹೆರೆದು ಸ್ವಲ್ಪ ಚೂರು ಹಾಕಿ. ಚೆನ್ನಾಗಿ ಕುಲುಕಿ. ಪಕ್ಕದಲ್ಲೇ ಇನ್ನೊಂದು ಬಾಟಲಿಯಲ್ಲಿ ಆರ್‌ಓ ಫಿಲ್ಟರ್ ನೀರಿಗೆ ಅಷ್ಟೇ ಸೋಪು ಹಾಕಿ ಕುಲುಕಿ. ಮೆದು ನೀರಿನಲ್ಲಿ ಮೇಲೆ ನೊರೆ ನಿಲ್ಲುತ್ತದೆ, ಕೆಳಗೆ ನೀರು ಹೆಚ್ಚುಕಡಿಮೆ ತಿಳಿಯಾಗಿರುತ್ತದೆ. ಗಡಸು ನೀರಿನಲ್ಲಿ ನೊರೆ ನಿಲ್ಲದೆ ನೀರು ಹಾಲಿನಂತೆ ಕದಡಿ, ಬಿಳಿ ಚರಟ ತೇಲುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಆಗುವ ಕೆನೆ ಅದು. ಬಕೆಟ್ಟಿನ ಅಂಚಿನಲ್ಲಿ, ಗೀಸರ್ ಕಾಯಿಲ್ ಮೇಲೆ, ಶವರ್ ತೂತಿನಲ್ಲಿ ಬಿಳಿ ಗಟ್ಟಿ ಪದರ ಕಟ್ಟಿದ್ದರೆ ಪರೀಕ್ಷೆಯೂ ಬೇಡ, ಉತ್ತರ ಅಲ್ಲೇ ಇದೆ.

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ನಡೆಯುತ್ತದೆ. ಬೆಂಗಳೂರಿನ ಹೊರವಲಯದಲ್ಲಿ ಕಾವೇರಿ ಸಂಪರ್ಕ ಇಲ್ಲದ ಬಡಾವಣೆಗಳಿಗೆ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರೇ ಗತಿ. ಟ್ಯಾಂಕರ್ ಬದಲಾದರೆ ನೀರಿನ ಗುಣವೂ ಬದಲಾಗುತ್ತದೆ. "ಹೋದ ತಿಂಗಳು ಚೆನ್ನಾಗಿತ್ತು, ಈ ತಿಂಗಳು ಒರಟು" ಅನ್ನುವವರು ಬಾಟಲಿಯನ್ನು ಬೈಯುವ ಮೊದಲು ನೆಲದಡಿಯ ಸಂಪ್‌ಗೆ ಬಂದ ನೀರನ್ನು ವಿಚಾರಿಸಬೇಕು.

ಗಡಸು ನೀರು ಅಂತ ಖಚಿತವಾದರೆ ಇಡೀ ಮನೆಗೆ ಸಾಫ್ಟ್‌ನರ್ ಹಾಕಿಸುವುದು ಎಲ್ಲರ ಕೈಲಾಗುವ ಮಾತಲ್ಲ. ಕೊನೆಯ ಎರಡು ಚೆಂಬು ಮಾತ್ರ ಆರ್‌ಓ ನೀರು ಅಥವಾ ಹಿಡಿದಿಟ್ಟ ಮಳೆನೀರು ಹಾಕಿಕೊಂಡರೂ ಬದಲಾವಣೆ ಕೈಗೆ ತಿಳಿಯುತ್ತದೆ. ನೀರನ್ನು ಕುದಿಸಿ, ತಣಿಸಿ, ಮೇಲಿನ ತಿಳಿಯನ್ನು ಬಸಿದುಕೊಳ್ಳುವುದು ತಾತ್ಕಾಲಿಕ ಗಡಸುತನಕ್ಕೆ ಮಾತ್ರ ಮದ್ದು. ಶಾಶ್ವತ ಗಡಸುತನ ಕುದಿತಕ್ಕೆ ಜಗ್ಗುವುದಿಲ್ಲ. ತಿಂಗಳಿಗೆ ಒಂದೆರಡು ಸಲ ಇಡಿಟಿಎ (ಖನಿಜವನ್ನು ಹಿಡಿದುಕೊಳ್ಳುವ ವಸ್ತು) ಇರುವ ಕ್ಲಾರಿಫೈಯಿಂಗ್ ಶಾಂಪೂ, ಅಂದರೆ ಕೂತ ಪದರ ತೆಗೆಯುವ ಶಾಂಪೂ ಹಾಕಿದರೆ ಕೂದಲಿಗೆ ಹಿಡಿದ ಖನಿಜ ಬಿಟ್ಟುಕೊಳ್ಳುತ್ತದೆ. ಪಟ್ಟಿಯಲ್ಲಿ ಡೈಸೋಡಿಯಂ ಇಡಿಟಿಎ ಅಥವಾ ಟೆಟ್ರಾಸೋಡಿಯಂ ಇಡಿಟಿಎ ಅಂತ ಹುಡುಕಿ. ಒಂದು ಚೆಂಬು ನೀರಿಗೆ ಒಂದು ದೊಡ್ಡ ಚಮಚ ವಿನಿಗರ್ ಬೆರೆಸಿ ಕೊನೆಗೆ ಹುಯ್ದುಕೊಳ್ಳುವವರೂ ಇದ್ದಾರೆ. ನುಣುಪು ಬರುತ್ತದೆ, ಆದರೆ ನೆತ್ತಿಯಲ್ಲಿ ಗಾಯ, ಬಿರುಕು ಇದ್ದರೆ ಉರಿಯುತ್ತದೆ, ಬೇಡ.

ನೀರು ಚೆನ್ನಾಗಿದ್ದೂ ಒರಟು ಇದ್ದರೆ ಹಳೆಯ ಸಿಲಿಕೋನ್ ಪದರವೋ, ಈ ಕಂಡೀಷನರಿನದೇ ಪದರವೋ ಕೂತಿದೆ. ಒಂದೇ ಒಂದು ಸಲ ಸಲ್ಫೇಟ್ ಇರುವ ಶಾಂಪೂವಿನಲ್ಲಿ ಎರಡು ಸರ್ತಿ ತೊಳೆದು ನೋಡಿ. ಒರಟು ಮಾಯವಾದರೆ ಮೂಲ ಸಿಕ್ಕಿತು. ಹೊಸದಾಗಿ ಶುರು ಮಾಡುವವರು ಈ ತೊಳೆತವನ್ನು ಮೊದಲ ದಿನವೇ ಮಾಡಿಕೊಂಡರೆ ಅರ್ಧ ತಾಪತ್ರಯ ತಪ್ಪುತ್ತದೆ.

ದೋಷ: ತಲೆಯಲ್ಲಿ ಬಿಳಿ ಪುಡಿ

ಇಲ್ಲಿ ಅವಸರದ ತೀರ್ಮಾನ ಬೇಡ. ಬಿಳಿ ಪುಡಿ ಎಲ್ಲವೂ ಹೊಟ್ಟಲ್ಲ.

ಕಪ್ಪು ಬಟ್ಟೆಯ ಮೇಲೆ ತಲೆ ಬಗ್ಗಿಸಿ, ಉಗುರಿನಿಂದ ಹಗುರವಾಗಿ ಗೀರಿ. ಉಗುರಿನ ಸಂದಿಗೆ ಬೂದು ಬಣ್ಣದ ಮೆತ್ತನೆ ಮುದ್ದೆ ಬಂದು, ಬೆರಳಲ್ಲಿ ಉಂಡೆ ಮಾಡಲು ಆಗುವಂತಿದ್ದರೆ ಅದು ಉಳಿದುಹೋದ ಕಂಡೀಷನರ್. ಅದಕ್ಕೆ ನೀರು ಜಾಸ್ತಿ ಹಾಕಬೇಕು, ವಾರಕ್ಕೊಂದು ಸಲ ಶಾಂಪೂ ಸೇರಿಸಬೇಕು. ಸಣ್ಣ, ಒಣ, ಹಗುರ ಪುಡಿ ಉದುರಿ, ಕೈಕಾಲಿನ ಚರ್ಮವೂ ಬಿರಿದಂತಿದ್ದರೆ ಅದು ಚಳಿಗಾಲದ ಒಣಚರ್ಮ. ಅಂಥವರಿಗೆ ಕ್ಲೆನ್ಸಿಂಗ್ ಕಂಡೀಷನರ್ ಉಪಕಾರವೇ ಮಾಡುತ್ತದೆ.

ದೊಡ್ಡ, ಹಳದಿ ಛಾಯೆಯ, ಎಣ್ಣೆಯಂಟಿದ ಪದರ, ಕೆಳಗೆ ಚರ್ಮ ಕೆಂಪು, ಜೊತೆಗೆ ನವೆ, ಹುಬ್ಬಿನಲ್ಲೋ ಮೂಗಿನ ಪಕ್ಕದಲ್ಲೋ ಸಿಪ್ಪೆ. ಇದು ನಿಜವಾದ ಹೊಟ್ಟು, ಹೆಚ್ಚಾದರೆ ಸೆಬೋರಿಕ್ ಡರ್ಮಟೈಟಿಸ್ ಎಂಬ ಚರ್ಮದ ಉರಿಯೂತ. ಮಲಸೇಜಿಯಾ ಎಂಬ ಯೀಸ್ಟ್ ಎಲ್ಲರ ತಲೆಯಲ್ಲೂ ಇರುತ್ತದೆ, ಚರ್ಮದ ಎಣ್ಣೆಯೇ ಅದರ ಊಟ. ಎಣ್ಣೆಯನ್ನು ಸರಿಯಾಗಿ ತೆಗೆಯದ ತೊಳೆತ ಅದಕ್ಕೆ ಅನುಕೂಲ. ಇಂಥವರು ಕ್ಲೆನ್ಸಿಂಗ್ ಕಂಡೀಷನರ್ ಒಂದನ್ನೇ ನಂಬಿ ಕೂರಲೇಬಾರದು. ಔಷಧಿ ಅಂಗಡಿಯಲ್ಲಿ ಸಿಗುವ 2 ಪರ್ಸೆಂಟ್ ಕೀಟೋಕೊನಜೋಲ್ ಶಾಂಪೂವನ್ನು ವಾರಕ್ಕೆ ಎರಡು ಸಲ, ಮೂರರಿಂದ ಐದು ನಿಮಿಷ ತಲೆಯಲ್ಲಿ ಬಿಟ್ಟು ತೊಳೆಯುವುದು ರೂಢಿಯ ಚಿಕಿತ್ಸೆ. ಎರಡರಿಂದ ನಾಲ್ಕು ವಾರ ಮಾಡಬೇಕಾಗುತ್ತದೆ. ಗರ್ಭಿಣಿಯರು, ಹಾಲುಣಿಸುವವರು ವೈದ್ಯರನ್ನು ಕೇಳಿಯೇ ಬಳಸಲಿ. ಹೊಟ್ಟು ತಗ್ಗಿದ ಮೇಲೆ ಕಂಡೀಷನರನ್ನು ಕೂದಲಿನ ಉದ್ದಕ್ಕೆ ಮಾತ್ರ ಇಟ್ಟುಕೊಳ್ಳಬಹುದು.

ಹೊಟ್ಟಿಗೆ ಎಣ್ಣೆ ತಟ್ಟುವುದು ನಮ್ಮಲ್ಲಿ ತುಂಬ ಹಳೆಯ ಮಾತು. ಅಜ್ಜಿಯಂದಿರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಈ ಥರದ ಹೊಟ್ಟಿಗೆ ಅದರಿಂದ ತೊಂದರೆಯೇ ಜಾಸ್ತಿ.

ದೋಷ: ಹಣೆಯಂಚು, ಕತ್ತು, ಬೆನ್ನಲ್ಲಿ ಗುಳ್ಳೆ

ಕಂಡೀಷನರ್ ಹರಿದುಹೋಗುವ ದಾರಿಯಲ್ಲೇ ಗುಳ್ಳೆ ಎದ್ದಿದ್ದರೆ ಕಾರಣ ಹುಡುಕಬೇಕಾಗಿಲ್ಲ. ಮೊದಲು ತಲೆ ತೊಳೆದು, ಕೂದಲನ್ನು ಮೇಲೆ ಕಟ್ಟಿ, ಆಮೇಲೆ ಮುಖ, ಕತ್ತು, ಬೆನ್ನಿಗೆ ಸೋಪು ಹಾಕಿ. ದಿಂಬಿನ ಕವರ್ ಬೇಗ ಬೇಗ ಬದಲಿಸಿ. ದಿನಾ ಹೆಲ್ಮೆಟ್ ಹಾಕುವವರು ಅದರ ಒಳಗಿನ ಬಟ್ಟೆಯನ್ನೂ ಒಗೆಯಿರಿ. ಹಣೆಯಂಚಿನ ಗುಳ್ಳೆಗೆ ಅದೂ ಪಾಲುದಾರ.

ದೋಷ: ತೊಳೆದ ಮರುದಿನವೇ ವಾಸನೆ

ಒದ್ದೆ ತಲೆಯಲ್ಲೇ ಹೆರಳು ಹಾಕಿದರೆ, ಒದ್ದೆಯಲ್ಲೇ ಮಲಗಿದರೆ ಹೀಗಾಗುತ್ತದೆ. ಕಂಡೀಷನರ್ ಉಳಿದ ಬುಡ ಒಣಗುವುದು ನಿಧಾನ. ಮಳೆಗಾಲದಲ್ಲಿ, ಕರಾವಳಿಯ ಸೆಕೆಯಲ್ಲಿ ಇನ್ನೂ ನಿಧಾನ. ಹಿಂದೆ ಬಾಣಂತಿಯರಿಗೆ, ಮಕ್ಕಳಿಗೆ ತಲೆ ಒಣಗಲಿ ಅಂತಲೇ ಸಾಂಬ್ರಾಣಿ ಹೊಗೆ ಹಾಕುತ್ತಿದ್ದರಲ್ಲ. ಹೊಗೆ ಉಸಿರಿಗೆ ಒಳ್ಳೆಯದಲ್ಲ, ಫ್ಯಾನಿನ ಕೆಳಗೆ ಕೂದಲು ಬಿಡಿಸಿಕೊಂಡು ಕೂತರೆ ಸಾಕು. ಬುಡ ಒಣಗಿದ ಮೇಲೆ ಜಡೆ ಹಾಕಿ.

ದೋಷ: ನವೆ, ಉರಿ, ಕೆಂಪು ದದ್ದು

ಇದಕ್ಕೆ ವಿಧಾನ ಬದಲಿಸಿ ನೋಡುವುದು ಬೇಡ. ಅವತ್ತೇ ನಿಲ್ಲಿಸಿ. ಉಳಿದದ್ದನ್ನು ಬೇಬಿ ಶಾಂಪೂವಿನಂಥ ಸೌಮ್ಯವಾದದ್ದರಲ್ಲಿ ತೊಳೆದು ತೆಗೆಯಿರಿ. ಆಮೇಲೆ ಬಾಟಲಿಯ ಪಟ್ಟಿ ಓದಿ. ಅಲರ್ಜಿ ತರುವುದರಲ್ಲಿ ಮುಖ್ಯವಾದವು ಸುಗಂಧ ದ್ರವ್ಯಗಳು ಮತ್ತು ಮೀಥೈಲ್‌ಐಸೋಥಯಾಜೋಲಿನೋನ್ ಎಂಬ ಸಂರಕ್ಷಕ. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಇದನ್ನು 2013ರ ವರ್ಷದ ಅಲರ್ಜಿಕಾರಕ ಅಂತ ಹೆಸರಿಸಿತ್ತು. ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಇದನ್ನು ಯುರೋಪಿನ ಒಕ್ಕೂಟ ನಿಷೇಧಿಸಿದೆ. ತೊಳೆದು ತೆಗೆಯುವ ಪದಾರ್ಥಗಳಲ್ಲಿ 0.0015 ಪರ್ಸೆಂಟ್ ಮಾತ್ರ ಇರಬಹುದು. ಕ್ಲೆನ್ಸಿಂಗ್ ಕಂಡೀಷನರ್ ತೊಳೆದು ತೆಗೆಯುವ ಪದಾರ್ಥವೇ. ಆದರೆ ಪ್ರಮಾಣ ಜಾಸ್ತಿ ಹಾಕಿ, ತುಂಬ ಹೊತ್ತು ಇಟ್ಟು, ಸರಿಯಾಗಿ ತೊಳೆಯದಿದ್ದರೆ ಹಚ್ಚಿ ಬಿಟ್ಟ ಹಾಗೇ ಆಗುತ್ತದೆ.

ಹೊಸ ಬಾಟಲಿ ತಂದಾಗ ಸ್ವಲ್ಪವನ್ನು ಮೊಣಕೈಯ ಒಳಮಡಿಕೆಗೆ ಹಚ್ಚಿ, ತಲೆಯಲ್ಲಿ ಇಡುವಷ್ಟೇ ಹೊತ್ತು ಬಿಟ್ಟು ತೊಳೆಯಿರಿ. ಕೆಲವು ದಿನ ಹೀಗೇ ಮಾಡಿ ನೋಡಿ. ಅಲರ್ಜಿ ಒಂದೇ ದಿನದಲ್ಲಿ ಮುಖ ತೋರಿಸಬೇಕು ಅಂತೇನಿಲ್ಲ, ಎರಡು ಮೂರು ದಿನ ಬೇಕಾಗಬಹುದು. ಕಣ್ಣಿನ ರೆಪ್ಪೆ ಊದಿಕೊಂಡರೆ, ನೀರು ಸೋರುವ ಗುಳ್ಳೆ ಎದ್ದರೆ ಚರ್ಮದ ವೈದ್ಯರ ಹತ್ತಿರ ಹೋಗಿ. ಹೋಗುವಾಗ ಬಾಟಲಿಯನ್ನೂ ತೆಗೆದುಕೊಂಡು ಹೋಗಿ.

ದೋಷ: ಕೂದಲು ಉದುರುತ್ತಿದೆ

ಜನ ಅತಿ ಹೆಚ್ಚು ಹೆದರುವುದು ಇದಕ್ಕೇ. ಹೆದರಿಕೆಗೆ ಕಾರಣವೂ ಇದೆ. 2016ರ ಜುಲೈನಲ್ಲಿ ಆಹಾರ, ಔಷಧಿ, ಸೌಂದರ್ಯವರ್ಧಕಗಳ ಮೇಲೆ ನಿಗಾ ಇಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 'ವೆನ್ ಬೈ ಚಾಜ್ ಡೀನ್' ಎಂಬ ಕ್ಲೆನ್ಸಿಂಗ್ ಕಂಡೀಷನರ್‌ಗಳ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ಕೂದಲು ಉದುರುವುದು, ತುಂಡಾಗುವುದು, ಬೋಳು ಮಚ್ಚೆ, ನವೆ, ದದ್ದು ಅಂತ 127 ಜನ ನೇರವಾಗಿ ಸಂಸ್ಥೆಗೆ ದೂರು ಕೊಟ್ಟಿದ್ದರು. ತಪಾಸಣೆ ಮಾಡಿದಾಗ ತಯಾರಕರು ಮತ್ತು ಮಾರಾಟಗಾರರ ಹತ್ತಿರ 21,000ಕ್ಕೂ ಹೆಚ್ಚು ದೂರು ಬಂದಿರುವುದು ಗೊತ್ತಾಯಿತು. ಯಾವ ಪದಾರ್ಥದಿಂದ ಹೀಗಾಯಿತು ಅಂತ ಎಫ್‌ಡಿಎ ಆ ಎಚ್ಚರಿಕೆಯಲ್ಲಿ ಬೆರಳಿಟ್ಟು ಹೇಳಲಿಲ್ಲ. ಆದರೆ ದೂರು ಬಂದರೂ ಸರ್ಕಾರಕ್ಕೆ ತಿಳಿಸಬೇಕೆಂಬ ಕಟ್ಟುಪಾಡು ಆಗ ಅಲ್ಲಿನ ಕಂಪನಿಗಳಿಗೆ ಇರಲಿಲ್ಲ. ಗಂಭೀರ ತೊಂದರೆಗಳನ್ನು ತಿಳಿಸಲೇಬೇಕು ಅನ್ನುವ ಕಾನೂನು ಬಂದದ್ದು 2022ರ ಕೊನೆಯಲ್ಲಿ. ಹಾಗಾಗಿ ನಿಮ್ಮ ತಲೆ ಹೇಳುವುದನ್ನು ನೀವೇ ಗಮನಿಸಬೇಕು.

ಗಮನಿಸುವುದು ಹೇಗೆ? ದಿನಕ್ಕೆ 50ರಿಂದ 100 ಕೂದಲು ಉದುರುವುದು ಮಾಮೂಲು. ಗುಂಗುರು ಕೂದಲಿನವರು ನಾಲ್ಕು ದಿನಕ್ಕೊಮ್ಮೆ ತೊಳೆದು ಬಾಚಿದರೆ ನಾಲ್ಕು ದಿನದ್ದೂ ಒಟ್ಟಿಗೆ ಕೈಗೆ ಬರುತ್ತದೆ. ಜೊತೆಗೆ ಕಂಡೀಷನರಿನ ನುಣುಪಿಗೆ, ಸಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ ಬಿದ್ದ ಕೂದಲೂ ಜಾರಿ ಬರುತ್ತದೆ. ಮೋರಿಯ ಜಾಲರಿಯಲ್ಲಿ ಉಂಡೆ ಕಂಡಾಕ್ಷಣ ಗಾಬರಿ ಬೇಡ.

ಆ ಉಂಡೆಯಿಂದ ಹತ್ತು ಹನ್ನೆರಡು ಎಳೆ ಬಿಡಿಸಿ ಕಪ್ಪು ಬಟ್ಟೆಯ ಮೇಲೆ ಹರಡಿ. ಎಳೆಯ ಒಂದು ತುದಿಯಲ್ಲಿ ಸಾಸಿವೆಗಿಂತಲೂ ಚಿಕ್ಕ ಬಿಳಿ ಗುಬುಟು ಕಂಡರೆ ಅದು ಬುಡದಿಂದ ಬಂದ ಕೂದಲು. ಗುಬುಟು ಇಲ್ಲದೆ, ಉದ್ದವೂ ಗಿಡ್ಡವಾಗಿದ್ದರೆ ಅದು ನಡುವೆ ತುಂಡಾದದ್ದು. ತುಂಡಾದವೇ ಜಾಸ್ತಿ ಇದ್ದರೆ ಒದ್ದೆ ತಲೆಯನ್ನು ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚುವುದು, ಟವೆಲ್ಲಿನಲ್ಲಿ ಬಡಿಯುವುದು, ಗಡಸು ನೀರು, ಬಣ್ಣ, ಸ್ಟ್ರೇಟ್‌ನಿಂಗ್, ಇವನ್ನು ನೋಡಿ. ಕಂಡೀಷನರ್ ತಲೆಯಲ್ಲಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ.

ಬುಡದಿಂದ ಬಂದವೇ ಜಾಸ್ತಿ ಇದ್ದರೆ ಎರಡು ಮೂರು ತಿಂಗಳು ಹಿಂದಕ್ಕೆ ಹೋಗಿ ನೆನಪು ಮಾಡಿಕೊಳ್ಳಿ. ಡೆಂಗ್ಯೂ, ಟೈಫಾಯ್ಡ್, ಹೆರಿಗೆ, ಆಪರೇಷನ್, ಕಟ್ಟುನಿಟ್ಟಿನ ಡಯಟ್, ಏನಾದರೂ ಆಗಿತ್ತಾ? ಅಂಥದ್ದಾದ ಎರಡು ಮೂರು ತಿಂಗಳಿಗೆ ಕೂದಲು ಒಟ್ಟಿಗೆ ಉದುರುವುದು ಗೊತ್ತಿರುವ ವಿಷಯ. ಅದಕ್ಕೂ ಬಾಟಲಿಗೂ ಸಂಬಂಧ ಇಲ್ಲ. ರಕ್ತದಲ್ಲಿ ಕಬ್ಬಿಣದ ಕೊರತೆ, ಥೈರಾಯ್ಡ್ ಸಮಸ್ಯೆ ಇದ್ದರೂ ಉದುರುತ್ತದೆ, ಅದನ್ನು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು.

ನವೆ, ಉರಿ ಜೊತೆಯಲ್ಲಿ ಉದುರುತ್ತಿದ್ದರೆ, ಬೈತಲೆ ಅಗಲವಾಗುತ್ತಿದ್ದರೆ, ನಾಣ್ಯದಷ್ಟು ಜಾಗ ಬೋಳಾಗಿದ್ದರೆ ಈ ಹುಡುಕಾಟ ಇಲ್ಲಿಗೇ ಸಾಕು. ಬಳಸುವುದನ್ನು ನಿಲ್ಲಿಸಿ, ಬೋಳಾದ ಜಾಗದ ಫೋಟೋ ತೆಗೆದಿಟ್ಟು, ಚರ್ಮದ ವೈದ್ಯರನ್ನು ಅದೇ ವಾರ ನೋಡಿ.

ಯಾವುದೂ ಹೊಂದಲಿಲ್ಲ ಅಂದರೆ

ವಾಪಸ್ ಶಾಂಪೂಗೆ ಹೋಗುವುದರಲ್ಲಿ ಸೋಲು ಏನೂ ಇಲ್ಲ. ಪೂರ್ತಿ ಇದು, ಇಲ್ಲವೇ ಪೂರ್ತಿ ಅದು ಅನ್ನುವ ಹಟ ಬಿಟ್ಟವರ ತಲೆಯೇ ಚೆನ್ನಾಗಿರುವುದನ್ನು ನೋಡಿದ್ದೇನೆ. ದಟ್ಟ ಗುಂಗುರು ಕೂದಲಿನವರಿಗೆ ಎರಡು ಸಲ ಇದು, ಮೂರನೇ ಸಲ ಸಲ್ಫೇಟ್ ಇಲ್ಲದ ಶಾಂಪೂ. ಅಲೆಯಲೆ ಕೂದಲಿನವರಿಗೆ ಒಂದು ಬಿಟ್ಟು ಒಂದು. ಜಿಮ್, ಆಟ ಅಂತ ದಿನಾ ಬೆವರುವವರು ಬುಡಕ್ಕೆ ಶಾಂಪೂ ಇಟ್ಟುಕೊಂಡು, ಉದ್ದಕ್ಕೆ ಮಾತ್ರ ಇದನ್ನು ಬಳಸಲಿ. ಉಳಿದ ಬಾಟಲಿ ಹಾಳಾಗುವುದೂ ಇಲ್ಲ, ಶಾಂಪೂ ಆದ ಮೇಲೆ ಮಾಮೂಲಿ ಕಂಡೀಷನರ್ ಥರ ತುದಿಗೆ ಹಚ್ಚಿ ಖಾಲಿ ಮಾಡಬಹುದು.